ಪುರಾಣಕಥೆಯೂ ಆದರ್ಶ ಸೌಂದರ್ಯವೂ: ವೇಣೂರಿನ ಗೊಮ್ಮಟನು ಮತ್ತು ಫ್ರಾನ್ಸಿನ ಚಿತ್ರಕಾರರು

ಬೆಳ್ತಂಗಡಿಯ ಕಡೆಯಿಂದ ಗುರುವಾಯನಕೆರೆಯ ಮೂಲಕ ಮೂಡಬಿದಿರೆಗೆ ಸಾಗುವ ಮಾರ್ಗದಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ವೇಣೂರೆಂಬ ಊರಿರುವುದು ನಮ್ಮ ವಾಚಕರಲ್ಲಿ ಹೆಚ್ಚಿನವರು ಬಲ್ಲ ಸಂಗತಿಯೇ ಆಗಿದೆ. ಅಲ್ಲಿ ಕ್ರಿ. ಶ. 1604ರಲ್ಲಿ ಅಜಿಲ ವಂಶದ ತಿಮ್ಮಣ್ಣರಸನು ನಿಲ್ಲಿಸಿದ ಗೊಮ್ಮಟನ ಏಕಶಿಲಾವಿಗ್ರಹವು ಸುಮಾರು 35 ಅಡಿ ಎತ್ತರವುಳ್ಳದ್ದು. ಅದರ ಪಾದದ ಬಳಿಯಲ್ಲಿ ನಿಂತ ಮಕ್ಕಳು ತಾಯಿತಂದೆಗಳೊಡನೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವರು: ಇಷ್ಟು ದೊಡ್ಡದೇಕೆ? ಮೈಮೇಲೆ ವಸ್ತ್ರವಿಲ್ಲವೇಕೆ? ಮೊದಲನೆಯದಕ್ಕೆ ಹೇಗೋ ಒಂದು ಉತ್ತರ ದೊರೆಯುತ್ತದೆ. ಎರಡನೆಯದು ಬಂದಾಗ ಹಿರಿಯರು ಮಾತನ್ನು ಬೇರೆಡೆಗೆ ತಿರುಗಿಸುವುದೇ ರೂಢಿ. ಹುಡುಗಿಯರು ಕೇಳಿದರಂತೂ ಹೇಳತಕ್ಕದ್ದೇ ಇಲ್ಲ. ಈ ಎರಡನೆಯ ಪ್ರಶ್ನೆಯು ಅಲ್ಪವಾದುದಲ್ಲವೆಂದು ನಾವು ಭಾವಿಸುತ್ತೇವೆ. ದೂರದ ಫ್ರಾನ್ಸ್ ದೇಶದಲ್ಲಿ ಇದೇ ಪ್ರಶ್ನೆಯ ಸುತ್ತ ಚಿತ್ರಕಲೆಯ ಒಂದು ಯುಗವೇ ಕಟ್ಟಿಕೊಂಡಿತು. ಅದೇ ಪ್ರಶ್ನೆಯ ನೆವದಿಂದ ಅಲ್ಲಿಯ ಹೆಣ್ಣುಮಕ್ಕಳಿಗೆ ಒಂದು ವಿದ್ಯೆಯ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಆದುದರಿಂದ ಎರಡು ದೇಶಗಳ ಸಂಗತಿಯನ್ನು ಒಟ್ಟಾಗಿ ಇಟ್ಟುಕೊಂಡು ಇದನ್ನು ವಿವರಿಸಲು ಇಲ್ಲಿ ಯತ್ನಿಸುವೆವು.

ಮೊದಲು ಕಥೆ. ಕಥೆಯನ್ನರಿಯದವನಿಗೆ ಈ ಸೌಂದರ್ಯದ ಅರ್ಧ ಪಾಲು ಕಾಣಿಸಲಾರದು. ಆದಿತೀರ್ಥಂಕರನಾದ ವೃಷಭನಾಥನಿಗೆ ಯಶಸ್ವತಿಯಲ್ಲಿ ಭರತನೇ ಮೊದಲಾದ ಪುತ್ರರೂ ಬ್ರಾಹ್ಮಿಯೆಂಬ ಪುತ್ರಿಯೂ, ಸುನಂದೆಯಲ್ಲಿ ಬಾಹುಬಲಿಯೂ ಸುಂದರಿಯೂ ಜನಿಸಿದರು. ತಂದೆಯು ಬ್ರಾಹ್ಮಿಗೆ ಅಕ್ಷರಗಳನ್ನೂ ಸುಂದರಿಗೆ ಅಂಕೆಗಳನ್ನೂ ತಾನೇ ಕಲಿಸಿದನೆಂದು ಜೈನಪುರಾಣವು ಹೇಳುತ್ತದೆ. (ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಈ ಮಾತನ್ನು ಹೇಳದೆ ದಾಟುವುದು ನಮ್ಮಿಂದಾಗದು.) ತಂದೆಯು ವಿರಕ್ತನಾದ ಬಳಿಕ ಭರತನು ಅಯೋಧ್ಯೆಯಲ್ಲಿಯೂ ಬಾಹುಬಲಿಯು ಪೌದನಪುರದಲ್ಲಿಯೂ ಆಳುತ್ತಿದ್ದರು. ಭರತನು ಷಟ್ಖಂಡಗಳನ್ನು ಗೆದ್ದು ಮರಳಿದಾಗ ಅವನ ಚಕ್ರರತ್ನವು ಪಟ್ಟಣದ ಬಾಗಿಲಲ್ಲೇ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ತಲೆಬಾಗಿಲ್ಲವೆಂಬುದೇ ಕಾರಣ. ಉಳಿದ ತಮ್ಮಂದಿರು ರಾಜ್ಯವನ್ನು ಬಿಟ್ಟು ತಪಸ್ಸಿಗೆ ಹೋದರು. ಬಾಹುಬಲಿಯೊಬ್ಬನೇ ಅಣ್ಣನಿಗೆ ಅಣ್ಣನೆಂದು ವಂದಿಸುವೆನು, ಚಕ್ರವರ್ತಿಯೆಂದು ವಂದಿಸೆನು ಎಂಬಂತೆ ನಿಂತನು. ಸೇನೆಗಳು ಎದುರುಬದುರಾದುವು. ಆಗ ಮಂತ್ರಿಗಳು ನಡುವೆ ಬಂದು, ಅಣ್ಣತಮ್ಮಂದಿರ ಕಲಹಕ್ಕೆ ಸಾವಿರಾರು ಮನೆಗಳ ಮಕ್ಕಳು ಏಕೆ ಸಾಯಬೇಕು ಎಂದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಇಬ್ಬರೊಳಗೇ ನಡೆಯಿಸಿದರು. ಎತ್ತರದಲ್ಲಿಯೂ ಬಲದಲ್ಲಿಯೂ ಮೇಲಾದ ಬಾಹುಬಲಿಯೇ ಮೂರರಲ್ಲಿಯೂ ಗೆದ್ದನು. ಅವಮಾನವನ್ನು ತಾಳಲಾರದೆ ಭರತನು ಚಕ್ರವನ್ನೇ ತಮ್ಮನ ಮೇಲೆ ಪ್ರಯೋಗಿಸಲು, ಅದು ಅವನಿಗೆ ಪ್ರದಕ್ಷಿಣೆ ಬಂದು ಸುಮ್ಮನಾಯಿತು. ನೆಲದಾಸೆಯು ಒಡಹುಟ್ಟಿದವನನ್ನು ಎಲ್ಲಿಗೆ ತಂದಿತೆಂಬುದನ್ನು ಕಂಡ ಬಾಹುಬಲಿಯು, ಗೆದ್ದುದನ್ನೆಲ್ಲಾ ಅಣ್ಣನಿಗೇ ಬಿಟ್ಟು, ಕಾಡಿಗೆ ಹೋಗಿ, ಒಂದು ವರುಷ ನಿಂತಲ್ಲಿಯೇ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು, ಹಾವುಗಳು ಆಡಿದುವು, ಮಾಧವೀಲತೆಯು ತೊಡೆಗೂ ತೋಳಿಗೂ ಹಬ್ಬಿತು. ಕಡೆಗೆ ಭರತನು ಬಂದು ವಂದಿಸಲು, ತಾನು ಅಣ್ಣನ ಮನಸ್ಸನ್ನು ನೋಯಿಸಿದೆನೆಂಬ ಕೊನೆಯ ಮುಳ್ಳೂ ಕಳೆದು ಕೇವಲಜ್ಞಾನವುಂಟಾಯಿತು.

ಕ್ರಿ. ಶ. 941ರಲ್ಲಿ ಪಂಪನು ತನ್ನ ಆದಿಪುರಾಣದಲ್ಲಿ ಹೇಳಿದುದು ಈ ಕಥೆಯನ್ನೇ. ನಮ್ಮ ನೆರೆಯ ಮೂಡಬಿದಿರೆಯವನಾದ ರತ್ನಾಕರವರ್ಣಿಯಾದರೋ 16ನೆಯ ಶತಮಾನದಲ್ಲಿ ಭರತೇಶವೈಭವವನ್ನು ಬರೆಯುವಾಗ ಭರತನ ಪಕ್ಷವನ್ನು ಹಿಡಿದು, ಕಾಳಗವನ್ನೇ ಬಿಡಿಸಿ, ಅಣ್ಣನ ಒಳ್ಳೆಯ ಮಾತಿನಿಂದಲೇ ತಮ್ಮನ ಮನಸ್ಸು ಕರಗುವಂತೆ ಮಾಡಿದನು. ಪುರಾಣವೆಂದರೆ ಅಚ್ಚಿನಲ್ಲಿ ಎರೆದ ವಸ್ತುವಲ್ಲ, ಪ್ರತಿಯೊಬ್ಬ ಕವಿಯೂ ಶಿಲ್ಪಿಯೂ ಅದರಲ್ಲಿ ತನಗೆ ಬೇಕಾದ ಕ್ಷಣವನ್ನು ಆಯ್ದುಕೊಳ್ಳುವನು ಎಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಗೊಮ್ಮಟನ ಶಿಲ್ಪಿಗಳು ಆಯ್ದ ಕ್ಷಣ ಯಾವುದೆಂದು ಗಮನಿಸಿರಿ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದ ವೀರನನ್ನು ಅವರು ಕಡೆಯಲಿಲ್ಲ. ತಿರುಗುವ ಚಕ್ರವನ್ನೂ ಕಡೆಯಲಿಲ್ಲ. ಎಲ್ಲಾ ಚಲನೆಯು ಮುಗಿದುಹೋದ ಮೇಲೆ ಉಳಿಯುವ ನಿಲುವನ್ನು ಅವರು ಕಡೆದರು. ಬಳ್ಳಿ ಮಾತ್ರ ಚಲಿಸುತ್ತದೆ, ಮನುಷ್ಯನು ಚಲಿಸುವುದಿಲ್ಲ.

ಇನ್ನು ವಸ್ತ್ರದ ಮಾತು. ಉಡುಗೆತೊಡುಗೆಗಳಿಂದಲೇ ಅರಸನು ಅರಸನೆಂದು ಗುರುತಾಗುವನು. ಕಿರೀಟವನ್ನು ತೆಗೆದಿಟ್ಟವನು ಉತ್ತರೀಯವನ್ನೇಕೆ ಉಳಿಸಿಕೊಳ್ಳಬೇಕು? ದಿಗಂಬರ ಸಂಪ್ರದಾಯದಲ್ಲಿ ಮುನಿಯಾದವನಿಗೆ ಬಚ್ಚಿಡತಕ್ಕದ್ದೂ ಇಲ್ಲ, ಕಾಪಾಡತಕ್ಕದ್ದೂ ಇಲ್ಲ. ಹೀಗೆ ವೇಣೂರಿನಲ್ಲಿ ವಿವಸ್ತ್ರತೆಯೆಂಬುದು ಶಿಲ್ಪಿಯು ತನ್ನ ಚಾತುರ್ಯವನ್ನು ತೋರಿಸಲು ಹೂಡಿದ ಉಪಾಯವಲ್ಲ. ಕಥೆಯ ಕೊನೆಯ ವಾಕ್ಯವೇ ಅದಾಗಿದೆ. ಮಕ್ಕಳಿಗೆ ಇಷ್ಟನ್ನು ಹೇಳಿದರೆ ಅವರು ಸುಲಭವಾಗಿ ಒಪ್ಪುವರು. ನಾಚಿಕೆಯು ಸಾಮಾನ್ಯವಾಗಿ ಹಿರಿಯರದು.

ಆ ಬಳಿಕ ಅಳತೆಯ ಸಂಗತಿ. ನಮ್ಮ ಶಿಲ್ಪಶಾಸ್ತ್ರವು ಮುಖದ ಉದ್ದವನ್ನು ಒಂದು ತಾಲವೆಂದು ಹಿಡಿದು, ಅದನ್ನು 12 ಅಂಗುಲಗಳಾಗಿ ಭಾಗಿಸುತ್ತದೆ. ನವತಾಲವೆಂದರೆ 108 ಅಂಗುಲ, ದಶತಾಲವೆಂದರೆ 120. ಇಲ್ಲಿ ಅಂಗುಲವೆಂಬುದು ಮನೆಯ ಅಳತೆಕೋಲಿನ ಅಂಗುಲವಲ್ಲ. ಆಯಾ ವಿಗ್ರಹದ ಮುಖದಿಂದಲೇ ಹುಟ್ಟುವ ಪ್ರಮಾಣ. ಆದುದರಿಂದ ಅಂಗೈಯಗಲದ ಕಂಚಿನ ಬಿಂಬಕ್ಕೂ ಬೆಟ್ಟದೆತ್ತರದ ವಿಗ್ರಹಕ್ಕೂ ಒಂದೇ ಲೆಕ್ಕ ಸಲ್ಲುತ್ತದೆ. ಗ್ರೀಸಿನಲ್ಲಿ ಕ್ರಿಸ್ತಪೂರ್ವ 5ನೆಯ ಶತಮಾನದ ಪಾಲಿಕ್ಲೀಟಸನೆಂಬ ಶಿಲ್ಪಿಯು ಇಂತಹದೇ ಪ್ರಮಾಣಗಳನ್ನು ಗ್ರಂಥವಾಗಿ ಬರೆದಿದ್ದನು. ಮನುಷ್ಯನ ಮೈಯಲ್ಲಿ ಒಂದು ಲೆಕ್ಕವಡಗಿದೆ, ಆ ಲೆಕ್ಕವು ಯಾವೊಬ್ಬ ಮನುಷ್ಯನಲ್ಲಿಯೂ ಪೂರ್ಣವಾಗಿ ತೋರುವುದಿಲ್ಲ, ಶಿಲ್ಪಿಯು ಅದನ್ನು ಪೂರ್ಣಗೊಳಿಸುವನು: ಆದರ್ಶ ಸೌಂದರ್ಯವೆಂಬ ದೊಡ್ಡ ಮಾತಿನ ತಿರುಳು ಇಷ್ಟೇ. ಬಾಹುಬಲಿಯ ತೋಳುಗಳು ಮೊಣಕಾಲಿನವರೆಗೆ ಇಳಿದಿರುವುದು, ಹೆಗಲು ಅಗಲವಾಗಿಯೂ ನಡು ತೆಳ್ಳಗಾಗಿಯೂ ಇರುವುದು, ಕಿವಿಯ ಹಾಲೆ ನೀಳವಾಗಿರುವುದು, ಕೂದಲು ಸುರುಳಿಯಾಗಿರುವುದು, ಇವೆಲ್ಲ ಮಹಾಪುರುಷಲಕ್ಷಣಗಳು. ಪಕ್ಕದ ಮನೆಯವನನ್ನು ನೋಡಿ ಕಡೆದುವುಗಳಲ್ಲ. ವೇಣೂರಿನ ಶಿಲ್ಪಿಯು ಮಾತ್ರ ಮುಗುಳುನಗೆಯೊಂದಿಗೆ ಕೆನ್ನೆಗಳಲ್ಲಿ ಗುಳಿಯನ್ನಿಟ್ಟನು. ಹಿಂದಿನ ಕಾಲದ ಯುರೋಪಿಯನ್ ಪ್ರವಾಸಿಗರು ಅದನ್ನು ಗುರುತಿಸಿ ಬರೆದಿದ್ದಾರೆ. ಶಾಸ್ತ್ರವನ್ನು ಪೂರ್ತಿಯಾಗಿ ಪಾಲಿಸಿದ ಮೇಲೆ ಕೈಗೆ ದೊರೆಯುವ ಸ್ವಾತಂತ್ರ್ಯವೆಂದರೆ ಇಂತಹದೇ ಇರಬೇಕು.

ಕಲ್ಲಿನ ಪಾತ್ರವನ್ನೂ ಮರೆಯಬಾರದು. ಇಟಲಿಯ ಅಮೃತಶಿಲೆಯು ನಯವಾದುದು. ಅದರಲ್ಲಿ ನರ, ಚರ್ಮದ ಮಡಿಕೆ, ಕಣ್ಣೆವೆಯವರೆಗೂ ಬಿಡಿಸಬಹುದು. ನಮ್ಮ ಕಗ್ಗಲ್ಲು ಒಪ್ಪುವುದಿಲ್ಲ. ಅದರ ಹರಳುಗಳು ಒರಟು. ಉಳಿಯು ಸ್ವಲ್ಪ ಆತುರಪಟ್ಟರೆ ಚೂರು ಹಾರಿಹೋಗುವುದು. ಹೀಗಾಗಿ ಇಲ್ಲಿಯ ಶಿಲ್ಪಿಯು ಸಣ್ಣದನ್ನು ಬಿಟ್ಟು ದೊಡ್ಡ ತಿರುವುಗಳನ್ನೇ ಹಿಡಿದನು. ಕಲ್ಲು ಕಲಿಸಿದ ಸರಳತೆಯೂ ಧರ್ಮವು ಬಯಸಿದ ಸರಳತೆಯೂ ಒಂದಕ್ಕೊಂದು ಹೊಂದಿದುವು. ಕ್ರಿ. ಶ. 981ರ ಸುಮಾರಿಗೆ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಮೂರ್ತಿಯನ್ನು ಕುರಿತು, 12ನೆಯ ಶತಮಾನದ ಬೊಪ್ಪಣಪಂಡಿತನು ಒಂದು ಕನ್ನಡ ಶಾಸನಕಾವ್ಯವನ್ನು ರಚಿಸಿದನು. ಬಹಳ ಎತ್ತರವಾದುದರಲ್ಲಿ ಚೆಲುವು ಕಡಿಮೆಯಾಗುವುದೆಂದೂ, ಎತ್ತರವೂ ಚೆಲುವೂ ಕೂಡಿದಲ್ಲಿ ಮಹಿಮೆ ಸಾಲದಾಗುವುದೆಂದೂ, ಇಲ್ಲಿಯಾದರೋ ಮೂರೂ ಸೇರಿರುವುವೆಂದೂ ಅವನ ತಾತ್ಪರ್ಯ. ಯುರೋಪಿನಲ್ಲಿ ಸೌಂದರ್ಯಶಾಸ್ತ್ರದ ದೊಡ್ಡ ಗ್ರಂಥಗಳು ಹುಟ್ಟುವ ಆರು ಶತಮಾನಗಳ ಮೊದಲೇ ಕನ್ನಡದ ಕವಿಯೊಬ್ಬನು ಕಲ್ಲಿನ ಮುಂದೆ ನಿಂತು ಇಷ್ಟು ನಿಖರವಾಗಿ ವಿಚಾರ ಮಾಡಿದ್ದನೆಂಬುದು ನಾವು ಶಾಲೆಗಳಲ್ಲಿ ಹೇಳಿಕೊಡತಕ್ಕ ವಿಷಯ.

ವೇಣೂರಿನ ಕುರಿತು ಇನ್ನೊಂದು ಮಾತು. 1432ರಲ್ಲಿಯೇ ಗೊಮ್ಮಟನನ್ನು ನಿಲ್ಲಿಸಿಕೊಂಡಿದ್ದ ಕಾರ್ಕಳದ ಭೈರರಸರ ಮನೆತನಕ್ಕೆ, ಅಜಿಲರೂ ಒಂದು ಮೂರ್ತಿಯನ್ನು ಸ್ಥಾಪಿಸುವುದು ಸಹಿಸದೆ, ಅದರ ನಿಮಿತ್ತ ಯುದ್ಧವೇ ನಡೆಯಿತೆಂದೂ, ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಅಡಗಿಸಿಡಬೇಕಾಯಿತೆಂದೂ ಐತಿಹ್ಯವಿದೆ. ನೆಲಕ್ಕಾಗಿ ಕಾದುವುದನ್ನು ಬಿಟ್ಟವನ ಪ್ರತಿಮೆಗಾಗಿ ಎರಡು ಸೀಮೆಗಳು ಕಾದಾಡಿದುವಂತೆ! ಪ್ರಾಕಾರದ ಬಾಗಿಲ ಎರಡು ಮಗ್ಗುಲಲ್ಲಿರುವ ಚಿಕ್ಕ ಬಸದಿಗಳಾದರೋ ಆ ಅರಸನ ಇಬ್ಬರು ರಾಣಿಯರು ಕಟ್ಟಿಸಿದುವು. ಪ್ರವಾಸಿಗಳು ಅವುಗಳ ಕಡೆಗೆ ನೋಡದೆ ಮುಂದೆ ಹೋಗುತ್ತಾರೆ.

ಈಗ ಸೌಂದರ್ಯವನ್ನು ಕೂಡಿಸುವ ಕ್ರಮವನ್ನು ಕುರಿತು ಎರಡು ಕಥೆಗಳನ್ನು ಹೇಳುವೆವು. ಮಹಾಭಾರತದ ಆದಿಪರ್ವದಲ್ಲಿ ಸುಂದೋಪಸುಂದರೆಂಬ ದೈತ್ಯ ಸಹೋದರರನ್ನು ಅಡಗಿಸುವುದಕ್ಕಾಗಿ ವಿಶ್ವಕರ್ಮನು ಲೋಕದ ಉತ್ತಮ ವಸ್ತುಗಳಿಂದ ಎಳ್ಳಷ್ಟೆಳ್ಳಷ್ಟನ್ನು ತೆಗೆದು ತಿಲೋತ್ತಮೆಯನ್ನು ನಿರ್ಮಿಸಿದನು. ಅವಳಿಗಾಗಿ ಆ ಸಹೋದರರು ಒಬ್ಬರನ್ನೊಬ್ಬರು ಕೊಂದುಕೊಂಡರು. ಗ್ರೀಕರ ಕಥೆಯಲ್ಲಿ ಝ್ಯೂಕ್ಸಿಸನೆಂಬ ಚಿತ್ರಕಾರನು ಹೆಲೆನಳ ಚಿತ್ರವನ್ನು ಬರೆಯಬೇಕಾದಾಗ, ಕ್ರೋಟನ್ ಪಟ್ಟಣದ ಐದು ಮಂದಿ ಕನ್ಯೆಯರನ್ನು ಆರಿಸಿ, ಒಬ್ಬೊಬ್ಬರಿಂದ ಒಂದೊಂದು ಅಂದವನ್ನು ತೆಗೆದು ಒಂದು ರೂಪವನ್ನು ಮಾಡಿದನು. ಆ ಹೆಲೆನಳಿಗಾಗಿ ಟ್ರಾಯ್ ಪಟ್ಟಣವು ಸುಟ್ಟುಹೋಯಿತು. ಕೂಡಿಸಿ ಮಾಡಿದ ಚೆಲುವೆಯರು ಕಥೆಗಳಲ್ಲಿ ಯಾರಿಗೂ ಸುಖವನ್ನು ತಂದಂತಿಲ್ಲ. ಈ ಕೂಡಿಸುವ ಬುದ್ಧಿಯ ಒಂದು ವಿನೋದರೂಪವನ್ನು ಮೂಡಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನೋಡಬಹುದು. ಅಲ್ಲಿ ಒಂಬತ್ತು ನಾರಿಯರು ಹೆಣೆದುಕೊಂಡು ಆನೆಯಾಗಿರುವರು, ಐವರು ಸೇರಿ ಕುದುರೆಯಾಗಿರುವರು. ನವನಾರೀಕುಂಜರ, ಪಂಚನಾರೀತುರಗವೆಂದು ಅವುಗಳ ಹೆಸರು. ಬಡಗಿಯ ಕೈಚಳಕವನ್ನು ಎಷ್ಟು ಹೊಗಳಿದರೂ ಸಾಲದು. ಆದರೂ ಆ ಒಂಬತ್ತು ಮಂದಿಯಲ್ಲಿ ಒಬ್ಬೊಬ್ಬಳ ಮುಖವನ್ನೂ ಬೇರೆಬೇರೆಯಾಗಿ ನೋಡುವವರು ವಿರಳ.

ಝ್ಯೂಕ್ಸಿಸನ ಆ ಕಥೆಯನ್ನೇ 1789ರಲ್ಲಿ ಫ್ರಾನ್ಸಿನ ವ್ಯಾನ್ಸಾಂ ಎಂಬ ಚಿತ್ರಕಾರನು ದೊಡ್ಡ ಚಿತ್ರವಾಗಿ ಬರೆದನು. ಆ ಕಾಲದ ಫ್ರೆಂಚ್ ಚಿತ್ರಕಲೆಯನ್ನು ನವಶಾಸ್ತ್ರೀಯವೆಂದು ಕರೆಯುವರು, ಎಂದರೆ ಪ್ರಾಚೀನ ಗ್ರೀಕ್ ರೋಮನ್ ಮಾದರಿಗಳನ್ನು ಮರಳಿ ಹಿಡಿದುದು. ಅದಕ್ಕೆ ಮುಂಚೆ, ಬೂಶೆ ಮೊದಲಾದವರ ಕುಂಚದಲ್ಲಿ, ಪುರಾಣದೇವತೆಗಳು ಗುಲಾಬಿಬಣ್ಣದ ಮೋಡಗಳ ಮೇಲೆ ಒರಗಿಕೊಂಡು ಶ್ರೀಮಂತರ ಒಳಮನೆಗಳನ್ನು ಅಲಂಕರಿಸುತ್ತಿದ್ದರು. 1738ರಿಂದ ಹರ್ಕ್ಯುಲೇನಿಯಮಿನಲ್ಲಿಯೂ 1748ರಿಂದ ಪಾಂಪೆಯಿಯಲ್ಲಿಯೂ ಬೂದಿಯಡಿಯಿಂದ ಪ್ರಾಚೀನ ಪಟ್ಟಣಗಳನ್ನು ಅಗೆದು ತೆಗೆಯತೊಡಗಿದಾಗ ಜನರ ರುಚಿಯು ತಿರುಗಿತು. 1755ರಲ್ಲಿ ವಿಂಕೆಲ್‌ಮನ್ ಎಂಬ ಜರ್ಮನ್ ಪಂಡಿತನು ಒಂದು ಚಿಕ್ಕ ಪುಸ್ತಕವನ್ನು ಬರೆದು, ಗ್ರೀಕ್ ಶಿಲ್ಪದ ಗುಟ್ಟು ಆಡಂಬರವಿಲ್ಲದಿರುವಿಕೆಯಲ್ಲಿಯೂ, ನೋವಿನಲ್ಲಿ ಸಹ ಕದಡದ ಮನಸ್ಸಿನಲ್ಲಿಯೂ ಇದೆಯೆಂದು ಸಾರಿದನು. ಅವನು ಗೊಮ್ಮಟನನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಅವನು ಕಂಡುದು ಬಹುಮಟ್ಟಿಗೆ ರೋಮಿನಲ್ಲಿದ್ದ ನಕಲುಪ್ರತಿಮೆಗಳನ್ನು. ಬಿಳಿಯ ಅಮೃತಶಿಲೆಯ ಶುಭ್ರತೆಯೇ ಪ್ರಾಚೀನರ ಸೌಂದರ್ಯವೆಂದು ಆ ತಲೆಮಾರು ನಂಬಿತು; ಆದರೆ ಆ ಪ್ರತಿಮೆಗಳಿಗೆ ಮೊದಲು ಬಣ್ಣ ಬಳಿದಿದ್ದಿತೆಂದು ಈಗ ಚೆನ್ನಾಗಿ ಗೊತ್ತಾಗಿದೆ. ಈ ವಿಷಯದಲ್ಲಿ ನಮ್ಮವರು ಜಾಣರು. 12 ವರುಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದಲ್ಲಿ (ವೇಣೂರಿನಲ್ಲಿ 2012ರಲ್ಲಿಯೂ 2024ರಲ್ಲಿಯೂ ನಡೆಯಿತು) ಹಾಲು, ಎಳನೀರು, ಅರಸಿನ, ಗಂಧ, ಕುಂಕುಮಗಳ ಬಣ್ಣವೆಲ್ಲವೂ ಆ ಕಲ್ಲಿನ ಮೇಲೆ ಹರಿದು, ಮಾರನೆಯ ಮಳೆಗಾಲಕ್ಕೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ.

ಈ ಹೊಸ ಮಾರ್ಗದ ನಾಯಕನು ಜಾಕ್ ಲೂಯಿ ದಾವೀದ್ (1748-1825). ಅವನು ರೋಮಿನಲ್ಲಿದ್ದಾಗ 1784ರಲ್ಲಿ ಬರೆದು, 1785ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದ ಹೊರೇಷಿಯರ ಪ್ರತಿಜ್ಞೆಯೆಂಬ ಚಿತ್ರವನ್ನು ಸ್ವಲ್ಪ ನಿಂತು ನೋಡೋಣ. ಅದು ಸುಮಾರು 11 ಅಡಿ ಎತ್ತರ, 14 ಅಡಿ ಅಗಲ. ಕಥೆಯು ರೋಮಿನ ಪ್ರಾಚೀನ ಐತಿಹ್ಯ. ರೋಮಿಗೂ ನೆರೆಯ ಆಲ್ಬಾ ಪಟ್ಟಣಕ್ಕೂ ಜಗಳ. ಇಡೀ ಸೈನ್ಯಗಳು ಕಾದುವ ಬದಲು ಎರಡು ಕಡೆಯಿಂದಲೂ ಮೂವರು ಸಹೋದರರು ಕಾದಲೆಂದು ತೀರ್ಮಾನವಾಗುತ್ತದೆ. ನಮ್ಮ ಬಾಹುಬಲಿಯ ಮಂತ್ರಿಗಳ ಬುದ್ಧಿವಾದವೇ ಇದು. ಆದರೆ ಈ ಮನೆಗಳು ಬಾಂಧವ್ಯದಿಂದ ಕೂಡಿದುವು. ಹೊರೇಷಿಯರ ಮನೆಯ ಸೊಸೆಯಾದ ಸಬೀನಾ ಎದುರುಪಕ್ಷದವರ ತಂಗಿ. ಹೊರೇಷಿಯರ ತಂಗಿಯಾದ ಕಮಿಲ್ಲಾ ಎದುರುಪಕ್ಷದ ಒಬ್ಬನಿಗೆ ನಿಶ್ಚಿತಳಾದವಳು. ಚಿತ್ರದಲ್ಲಿ ಮೂರು ಕಮಾನುಗಳ ಮುಂದೆ ಎಡಕ್ಕೆ ಮೂವರು ಸಹೋದರರು ಕೈಚಾಚಿ ನಿಂತಿರುವರು, ನಡುವೆ ತಂದೆಯು ಮೂರು ಖಡ್ಗಗಳನ್ನೆತ್ತಿರುವನು. ಎಲ್ಲಾ ಗೆರೆಗಳೂ ಕೋಲಿನಂತೆ ನೇರ. ಬಲಕ್ಕೆ ಸ್ತ್ರೀಯರು ಒಬ್ಬರ ಮೇಲೊಬ್ಬರು ಕುಸಿದು ಕುಳಿತಿರುವರು. ಅಲ್ಲಿಯ ಗೆರೆಗಳೆಲ್ಲವೂ ಬಾಗಿದುವು. ಹಿಂದುಗಡೆ ಒಬ್ಬಾಕೆ ಮಕ್ಕಳನ್ನು ತಬ್ಬಿಕೊಂಡಿದ್ದಾಳೆ. ಬಾಲಕನೊಬ್ಬನು ಆಕೆಯ ಕೈಯ ಮರೆಯಿಂದ ಇಣಿಕಿ ನೋಡುತ್ತಾನೆ. ಯಾರು ಗೆದ್ದರೂ ಅಳಬೇಕಾದವರು ಯಾರೆಂಬುದನ್ನು ಚಿತ್ರಕಾರನು ಗೆರೆಗಳಿಂದಲೇ ಹೇಳಿಬಿಟ್ಟನು. ಕಾಳಗದಲ್ಲಿ ಹೊರೇಷಿಯರಲ್ಲಿ ಒಬ್ಬನು ಮಾತ್ರ ಉಳಿದು ಗೆದ್ದು ಬರುತ್ತಾನೆ. ತನ್ನ ವರನಿಗಾಗಿ ಅಳುವ ತಂಗಿಯನ್ನು ಅಲ್ಲಿಯೇ ಕೊಲ್ಲುತ್ತಾನೆ. ಅದು ಚಿತ್ರದಲ್ಲಿಲ್ಲ. ಅಂದಿನ ನೋಟಕರೆಲ್ಲರೂ ಅದನ್ನರಿತೇ ಚಿತ್ರವನ್ನು ನೋಡಿದರು. ಈ ಚಿತ್ರವನ್ನು ಬರೆಯಿಸಿದುದು ಹದಿನಾರನೆಯ ಲೂಯಿ ರಾಜನ ಸರಕಾರ. ಎಂಟು ವರುಷಗಳೊಳಗೆ, 1793ರ ಜನವರಿಯಲ್ಲಿ, ಆ ರಾಜನಿಗೆ ಮರಣದಂಡನೆಯಾಗಲೆಂದು ಮತ ಕೊಟ್ಟವರಲ್ಲಿ ದಾವೀದನೂ ಒಬ್ಬನು.

ಮಹಾಕ್ರಾಂತಿಯ ಉತ್ಪಾತದಲ್ಲಿ ದಾವೀದನೂ ಸೆರೆಮನೆಯನ್ನು ಕಂಡನು. ಹೊರಬಂದ ಮೇಲೆ, 1799ರಲ್ಲಿ, ಅವನು ಮುಗಿಸಿದ ಮಹಾಚಿತ್ರವು ಸಬೈನ್ ಸ್ತ್ರೀಯರದು. ರೋಮನರು ಅಪಹರಿಸಿದ ಸಬೈನ್ ಕನ್ಯೆಯರು ಈಗ ಅವರ ಪತ್ನಿಯರು, ಮಕ್ಕಳ ತಾಯಂದಿರು. ತವರಿನವರು ಸೇಡಿಗಾಗಿ ದಂಡೆತ್ತಿ ಬಂದಿದ್ದಾರೆ. ತಂದೆಯಾದ ಟೇಷಿಯಸನಿಗೂ ಗಂಡನಾದ ರೋಮ್ಯುಲಸನಿಗೂ ನಡುವೆ ಹೆರ್ಸಿಲಿಯಾ ಎರಡು ಕೈಗಳನ್ನೂ ಚಾಚಿ ನಿಂತಿರುವಳು. ಇಲ್ಲಿ ಕೈಚಾಚಿ ನೇರವಾಗಿ ನಿಂತವಳು ಸ್ತ್ರೀ. ಹದಿನೈದು ವರುಷಗಳ ಹಿಂದೆ ಮೂಲೆಯಲ್ಲಿ ಕುಸಿದವರು ಈಗ ಚಿತ್ರದ ನಡುವಿಗೆ ಬಂದಿದ್ದಾರೆ. ಅಷ್ಟು ರಕ್ತವನ್ನು ಕಂಡ ದೇಶಕ್ಕೆ ಚಿತ್ರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದಾವೀದನ ಚಿತ್ರಗಳಲ್ಲಿ ನಾವು ಅತ್ಯಂತ ಮೆಚ್ಚುವುದು ಇದನ್ನೇ.

ಆದರೆ ಒಂದು ವಿಷಯದಲ್ಲಿ ಅವನು ವಿವರಣೆ ಕೊಡಬೇಕಾಯಿತು. ಚಿತ್ರದಲ್ಲಿ ವೀರರು ಶಿರಸ್ತ್ರಾಣವನ್ನೂ ಗುರಾಣಿಯನ್ನೂ ಧರಿಸಿದ್ದಾರೆ, ಬೇರೆ ಬಟ್ಟೆಯಿಲ್ಲ. ಪ್ರವೇಶಧನವನ್ನು ಕೊಟ್ಟು ನೋಡಲು ಬಂದ ಜನರ ಕೈಗೆ ದಾವೀದನು ಒಂದು ಕಿರುಹೊತ್ತಗೆಯನ್ನು ಕೊಟ್ಟು, ದೇವತೆಗಳನ್ನೂ ವೀರರನ್ನೂ ಹೀಗೆ ತೋರಿಸುವುದು ಪ್ರಾಚೀನರ ಪದ್ಧತಿಯಾಗಿತ್ತೆಂದು ಸಮರ್ಥಿಸಿದನು. ನಮಗೆ ಈ ಸಮರ್ಥನೆಯು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಬರಿಮೈಯಲ್ಲಿ ಗುರಾಣಿ ಹಿಡಿದು ಯುದ್ಧಕ್ಕೆ ಹೋಗುವವನು ಕಥೆಯಿಂದ ಬಂದವನಲ್ಲ, ಚಿತ್ರಶಾಲೆಯಿಂದ ಬಂದವನು. ವೇಣೂರಿನಲ್ಲಿ ದೇಹವು ಎಲ್ಲವನ್ನೂ ಬಿಟ್ಟುದನ್ನು ಹೇಳುತ್ತದೆ. ಪ್ಯಾರಿಸಿನಲ್ಲಿ ಚಿತ್ರಕಾರನು ಶರೀರರಚನೆಯನ್ನು ಬಲ್ಲನೆಂಬುದನ್ನು ಹೇಳುತ್ತದೆ. ಮೊದಲನೆಯದಕ್ಕೆ ಹೊತ್ತಗೆ ಬೇಕಾಗಲಿಲ್ಲ.

ಚಿತ್ರಶಾಲೆಯ ಮಾತು ಬಂದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರು ಮುಖ್ಯವಾಗಿ ಕೇಳಬೇಕಾದ ಸಂಗತಿಗೆ ಬರುವೆವು. 1648ರಲ್ಲಿ ಸ್ಥಾಪಿತವಾದ ಪ್ಯಾರಿಸಿನ ರಾಜಕೀಯ ಅಕಾಡೆಮಿಯು ಚಿತ್ರಗಳಿಗೆ ಮೇಲುಕೀಳುಗಳನ್ನು ಗೊತ್ತುಮಾಡಿತ್ತು. ಪುರಾಣ, ಪ್ರಾಚೀನ ಇತಿಹಾಸ, ಪವಿತ್ರ ಗ್ರಂಥ ಇವುಗಳ ವಿಷಯಗಳು ಎಲ್ಲಕ್ಕಿಂತ ಮೇಲು. ಆ ಬಳಿಕ ವ್ಯಕ್ತಿಚಿತ್ರ. ಅದಕ್ಕೂ ಕೆಳಗೆ ಗೃಹಕೃತ್ಯದ ದೃಶ್ಯ, ಭೂದೃಶ್ಯ. ಹೂವುಹಣ್ಣುಗಳು ಎಲ್ಲಕ್ಕಿಂತ ಕೆಳಗೆ. ಮೇಲಿನ ತರಗತಿಗೆ ಏರಬೇಕಾದರೆ ನಿಲ್ಲಿಸಿದ ಮನುಷ್ಯನನ್ನು ನೋಡಿ ಶರೀರವನ್ನು ಬರೆಯಲು ಕಲಿಯಬೇಕು. ಆ ಪಾಠಕ್ಕೆ ಸ್ತ್ರೀಯರಿಗೆ ಪ್ರವೇಶವಿಲ್ಲ, ಅದು ಮರ್ಯಾದೆಗೆ ಹೊಂದದು. ಪಾಠವಿಲ್ಲದವರಿಗೆ ಮೇಲಿನ ತರಗತಿಯಿಲ್ಲ. ಮೇಲಿನ ತರಗತಿಯಲ್ಲಿ ಸ್ತ್ರೀಯರಿಲ್ಲವಾದುದರಿಂದ ಅವರಿಗೆ ಅಂತಹ ಶಕ್ತಿಯೇ ಇಲ್ಲವೆಂಬ ತೀರ್ಮಾನ! ಅಕಾಡೆಮಿಯ ಸದಸ್ಯರಲ್ಲಿ ಸ್ತ್ರೀಯರ ಸಂಖ್ಯೆಯು ನಾಲ್ಕಕ್ಕೆ ಮೀರಕೂಡದೆಂಬ ನಿಯಮವೂ ಇತ್ತು. 1783ರ ಮೇ 31ರಂದು ಎಲಿಜಬೆತ್ ವಿಜೆ ಲೆಬ್ರನ್, ಅಡೆಲಾಯಿದ್ ಲಬೀಲ್ ಗಿಯಾರ್ ಎಂಬ ಇಬ್ಬರು ಸೇರಿದಾಗ ಆ ನಾಲ್ಕು ಸ್ಥಾನಗಳು ತುಂಬಿದುವು. ಮೊದಲೇ ಇದ್ದ ಇಬ್ಬರಲ್ಲಿ ಮೇರಿ ತೆರೇಸ್ ರೆಬೂಲ್ ಎಂಬಾಕೆ ದಾವೀದನ ಗುರುವಾದ ವಿಯೆನ್ನನ ಪತ್ನಿ; ಆಕೆ ಬರೆಯುತ್ತಿದ್ದುದು ಹಕ್ಕಿ, ಚಿಪ್ಪು, ಹೂವುಗಳನ್ನು. ಆನ್ ವಲಾಯೆ ಕೊಸ್ತೆರ್ ಎಂಬಾಕೆ ಹೂವು, ಹಣ್ಣು, ಪಾತ್ರೆಗಳನ್ನು ಬರೆಯುವುದರಲ್ಲಿ ಅಸಾಧಾರಣಳು. ವಿಜೆ ಲೆಬ್ರನ್ ಮಾತ್ರ ತನ್ನ ಪ್ರವೇಶಕ್ಕಾಗಿ ವ್ಯಕ್ತಿಚಿತ್ರವನ್ನು ಒಯ್ಯದೆ, ಶಾಂತಿದೇವಿಯು ಸಮೃದ್ಧಿದೇವಿಯನ್ನು ಕರೆತರುವ ರೂಪಕಚಿತ್ರವನ್ನು ಒಯ್ದಳು. ತನ್ನನ್ನು ಮೇಲಿನ ತರಗತಿಯಲ್ಲಿ ಎಣಿಸಿರೆಂದು ಬಾಯಲ್ಲಿ ಕೇಳುವುದಕ್ಕಿಂತ ಇದು ಲೇಸೆಂದು ತಿಳಿದಿರಬೇಕು.

ಮುಂದಿನ ತಲೆಮಾರಿನಲ್ಲಿ ದಾವೀದನ ಶಿಷ್ಯೆಯಾದ ಆಂಜೆಲಿಕ್ ಮೊಂಜೆ ಇನ್ನೂ ಮುಂದೆ ಹೋದಳು. ಹೆಕ್ಟರನ ಮಗುವಾದ ಅಸ್ಟ್ಯಾನಾಕ್ಸನನ್ನು ತಾಯಿಯಿಂದ ಕಿತ್ತೊಯ್ಯುವ ಚಿತ್ರವನ್ನು 1802ರಲ್ಲಿ ಪ್ರದರ್ಶಿಸಿದಳು. ದಾರಯನ ಪತ್ನಿಯ ಮರಣಕ್ಕೆ ಅಲೆಕ್ಸಾಂಡರನು ಮರುಗುವ ಚಿತ್ರಕ್ಕೆ 1804ರಲ್ಲಿ ಚಿನ್ನದ ಪದಕವನ್ನು ಪಡೆದಳು. 1806ರಲ್ಲಿ ಥೀಸಿಯಸನ ಪುರಾಣವನ್ನೇ ಕೈಗೆತ್ತಿಕೊಂಡಳು. ಸ್ತ್ರೀಯೊಬ್ಬಳು ಇಂತಹ ವೀರರನ್ನು ಇಷ್ಟು ದೊಡ್ಡ ಪಟಗಳಲ್ಲಿ ಬರೆಯುವುದೇ ತಪ್ಪೆಂದು ಆಕ್ಷೇಪಿಸಿದ ವಿಮರ್ಶಕರಿಗೆ ಕೊರತೆಯಿರಲಿಲ್ಲ. ಪದಕ ಬಂದ ಮೇಲೂ ಆಕ್ಷೇಪ ನಿಲ್ಲಲಿಲ್ಲ.

ದಾವೀದನ ಇನ್ನೊಬ್ಬ ಶಿಷ್ಯನಾದ ಆಂಗ್ರನು (1780-1867) ಆದರ್ಶವನ್ನು ಎಲ್ಲಿಯವರೆಗೆ ಎಳೆದನೆಂದರೆ, 1814ರಲ್ಲಿ ಅವನು ಬರೆದ ಒರಗಿದ ಸ್ತ್ರೀಯ ಬೆನ್ನೆಲುಬಿನಲ್ಲಿ ಮೂರು ಎಲುಬುಗಳು ಹೆಚ್ಚಾಗಿವೆಯೆಂದು ವಿಮರ್ಶಕರು ಎಣಿಸಿ ಹೇಳಿದರು. ಆಜಾನುಬಾಹುವಿನ ನಾಡಿನಲ್ಲಿ ಬೆಳೆದ ನಮಗೆ ಇದೇನೂ ಅತಿಶಯವಾಗಿ ತೋರದು. ಆದರೂ ಒಂದು ಅಂತರವಿದೆ. ಬಾಹುಬಲಿಯ ನೀಳವಾದ ತೋಳು ಅವನ ಮಹಿಮೆಗಾಗಿ ಉಂಟು. ಆಂಗ್ರನ ಸ್ತ್ರೀಯ ನೀಳವಾದ ಬೆನ್ನು ನೋಡುವವನ ಕಣ್ಣಿನ ಹಿತಕ್ಕಾಗಿ ಉಂಟು.

ಈ ಯುರೋಪಿಯನ್ ವಿದ್ಯೆಯು ನಮ್ಮ ಮನೆಯ ಗೋಡೆಗೂ ಬಂದಿತು. ರಾಜಾ ರವಿವರ್ಮನು (1848-1906) ಎಣ್ಣೆಬಣ್ಣದ ರೀತಿಯಲ್ಲಿ ದಮಯಂತಿ, ಶಕುಂತಲೆ, ಸರಸ್ವತಿ, ಲಕ್ಷ್ಮಿಯರನ್ನು ಬರೆದು, 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಬಳಿಕ, ದೇವಿಯರೆಲ್ಲರೂ ಸೀರೆಯುಟ್ಟು ತಗಡು ಚೌಕಟ್ಟಿನಲ್ಲಿ ಊರೂರಿಗೆ ಬಂದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಅವನ ಚಿತ್ರವೊಂದರಲ್ಲಿ ದೇಶದ ನಾನಾ ಭಾಗಗಳ ಹನ್ನೊಂದು ಮಂದಿ ಸ್ತ್ರೀಯರು ವಾದ್ಯಗಳನ್ನು ಹಿಡಿದು ಸೇರಿರುವರು. ಝ್ಯೂಕ್ಸಿಸನಂತೆ ಅವರನ್ನು ಕರಗಿಸಿ ಒಬ್ಬಳನ್ನಾಗಿ ಮಾಡದೆ ಹನ್ನೊಂದು ಮಂದಿಯನ್ನೂ ಉಳಿಸಿದುದಕ್ಕಾಗಿ ರವಿವರ್ಮನನ್ನು ಮೆಚ್ಚಬೇಕು. ಉಡುಗೆಗಳು ಬೇರೆ ಬೇರೆ. ಮುಖಗಳು ಮಾತ್ರ ಅಕ್ಕತಂಗಿಯರಂತಿವೆ. ಮಂಗಳೂರಿನ ಸೈಂಟ್ ಎಲೋಶಿಯಸ್ ದೇವಾಲಯದ ಗೋಡೆ ಛಾವಣಿಗಳನ್ನು 1899ರಿಂದ 1901ರವರೆಗೆ ಚಿತ್ರಿಸಿದ ಆಂತೋನಿಯೊ ಮೊಸ್ಕೇನಿಯವರು ಇಟಲಿಯ ಬೆರ್ಗಮೊ ಪಟ್ಟಣದ ಕರಾರಾ ಅಕಾಡೆಮಿಯಲ್ಲಿ ಕಲಿತವರು. ಅಲ್ಲಿಯ ಸಂತರ ನಿಲುವಂಗಿಗಳ ಮಡಿಕೆಗಳಲ್ಲಿಯೂ, ಮೇಲಕ್ಕೆತ್ತಿದ ಮುಖಗಳಲ್ಲಿಯೂ ಅಕಾಡೆಮಿಗಳ ಹಳೆಯ ಅಭ್ಯಾಸವನ್ನು ಗುರುತಿಸಬಹುದು. ನಮ್ಮ ಹುಡುಗಿಯರು ಮಂಗಳೂರಿಗೆ ಹೋದಾಗ ಅದನ್ನೂ, ಹಿಂದಿರುಗುವಾಗ ಮೂಡಬಿದಿರೆ ವೇಣೂರುಗಳನ್ನೂ ಒಂದೇ ದಿನದಲ್ಲಿ ನೋಡಬಹುದಾಗಿದೆ. ನೋಟುಬುಕ್ಕನ್ನೂ ಸೀಸದಕಡ್ಡಿಯನ್ನೂ ಒಯ್ಯಲಿ. ಗೊಮ್ಮಟನನ್ನು ಬರೆಯುವುದಕ್ಕೆ ಬೆಳಗಿನ ಹೊತ್ತು ಲೇಸು. ನಡುಹಗಲಿನ ಬೆಳಕು ಕಲ್ಲಿನ ತಿರುವುಗಳನ್ನು ಅಳಿಸಿಬಿಡುವುದು.

ಪ್ಯಾರಿಸಿನಲ್ಲಿ ಆ ಮುಚ್ಚಿದ ಬಾಗಿಲು ಕಡೆಗೆ ತೆರೆಯಿತು, ಆದರೆ ನಿಧಾನವಾಗಿ. 1868ರಲ್ಲಿ ಆರಂಭವಾದ ಜೂಲಿಯನ್ ಅಕಾಡೆಮಿಯೆಂಬ ಖಾಸಗಿ ಶಾಲೆಯು, ಸರಕಾರಿ ಶಾಲೆಗಿಂತ ಬಹಳ ಮೊದಲೇ, ಸ್ತ್ರೀಯರಿಗೂ ಶರೀರಚಿತ್ರಣದ ಪಾಠವನ್ನು ಹೇಳಿಕೊಟ್ಟಿತು. (ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರೂ ಮುಂದೆ ಅಲ್ಲಿ ಕಲಿತರು.) ಎಕೋಲ್ ದೆ ಬೋಜಾರ್ ಎಂಬ ಸರಕಾರಿ ಶಾಲೆಯು ಸ್ತ್ರೀಯರನ್ನು ಸೇರಿಸಿಕೊಂಡುದು 1897ರಲ್ಲಿ, ದಾವೀದನು ಹೆರ್ಸಿಲಿಯಾಳನ್ನು ಚಿತ್ರದ ನಡುವೆ ನಿಲ್ಲಿಸಿ ಆಗ 98 ವರುಷಗಳಾಗಿದ್ದುವು. 1930ರಲ್ಲಿ ಅದೇ ಶಾಲೆಗೆ ಅಮೃತಾ ಶೇರ್‌ಗಿಲ್ ಎಂಬ ತರುಣಿಯು ಸೇರಿ, 1934ರಲ್ಲಿ ಹಿಂದೂಸ್ಥಾನಕ್ಕೆ ಮರಳಿದಳು. ಆ ಬಳಿಕ ಅಜಂತೆಯನ್ನು ಕಂಡು, ದಕ್ಷಿಣದೇಶದಲ್ಲಿ ಸಂಚರಿಸಿ, 1937ರಲ್ಲಿ ಮೂರು ದೊಡ್ಡ ಚಿತ್ರಗಳನ್ನು ಬರೆದಳು: ಸಿಂಗರಿಸಿಕೊಳ್ಳುವ ಮದುಮಗಳು, ಬ್ರಹ್ಮಚಾರಿಗಳು, ಸಂತೆಗೆ ಹೋಗುವ ಹಳ್ಳಿಯವರು. ಅವುಗಳಲ್ಲಿ ದೇವಿಯರಿಲ್ಲ, ಹೆಲೆನಳೂ ಇಲ್ಲ. ಕಪ್ಪು ಮೈಬಣ್ಣದ, ಸಣ್ಣಗಿನ, ಮಾತು ಕಡಿಮೆಯಾದ ಹೆಂಗಸರು ಗಂಡಸರು ಹುತ್ತದ ನಡುವಿನ ಗೊಮ್ಮಟನಷ್ಟೇ ನಿಶ್ಚಲರಾಗಿ ಇರುವರು. ಅವಳ ಚಿತ್ರಗಳಲ್ಲಿ ಬಹುಪಾಲು ದಿಲ್ಲಿಯ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿವೆ.